ಅಕ್ಕೋರೇ, ಮಂಡಿ ಬಗ್ಸಿ: ಕಾರವಾರದಲ್ಲಿದ್ದುಕೊಂಡು ಫಿಗರ್ ಸ್ಕೇಟಿಂಗ್ ಕಲಿಯುವ ಲೆಕ್ಕಾಚಾರ

ಕಾರವಾರದಲ್ಲಿ ಐಸ್ ಎಂದರೆ ಮೀನಿನ ಐಸ್. ಬೆಳಗಿನ ಹೊತ್ತು ಬೈತಖೋಲ ಬಂದರಿನಲ್ಲಿ ನಿಂತರೆ ಹಾಸುಗಲ್ಲಿನಂಥ ಗಡ್ಡೆಗಳನ್ನು ಪುಡಿ ಮಾಡಿ ಬಂಗಡೆಯ ಮೇಲೆ ಸುರಿಯುವುದು ಕಾಣುತ್ತದೆ. ಅದು ಬಿಟ್ಟರೆ ಉಳಿದದ್ದು ಶರಬತ್ತಿನ ಲೋಟದ್ದು. ಇಂಥ ಊರಲ್ಲಿದ್ದುಕೊಂಡು, ನಲವತ್ತೊಂದನೆಯ ವಯಸ್ಸಿನಲ್ಲಿ, ಪ್ರಾಥಮಿಕ ಶಾಲೆಯ ಶಿಕ್ಷಕಿಯ ಸಂಬಳದಲ್ಲಿ ನನಗೆ ಫಿಗರ್ ಸ್ಕೇಟಿಂಗ್, ಅಂದರೆ ಬ್ಲೇಡು ಕಟ್ಟಿದ ಬೂಟಿನಲ್ಲಿ ಐಸಿನ ಮೇಲೆ ಜಾರುತ್ತ ಸುತ್ತುವ, ಹಾರುವ ಆಟ, ಕಲಿಯಬೇಕು ಅನ್ನಿಸಿತು. ಶಿರಸಿ ಕಡೆಯ ಮನೆಯಿಂದ ಆಯಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಕೈ ಕಾಲು ಮುರ್ಕಂಡ್ರೆ ಎಂತ ಮಾಡ್ತೆ ತಂಗಿ?"

ಆಯಿಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನನಗೆ ಮೊದಲು ಎದುರಾದದ್ದು ದುಡ್ಡಿನ ಪ್ರಶ್ನೆ. ಟಿವಿಯಲ್ಲಿ ನೋಡಿದವರಿಗೆಲ್ಲ ಇದು ಶ್ರೀಮಂತರ ಆಟ ಅನ್ನಿಸುತ್ತದೆ, ಅದು ಸುಳ್ಳೂ ಅಲ್ಲ. ಆದರೆ ದುಡ್ಡು ಹೋಗುವುದು ಎಲ್ಲಿಗೆ ಎಂದು ಬಿಡಿಸಿ ನೋಡಿದರೆ, ಹೆಚ್ಚಿನ ಪಾಲು ಕಲಿಕೆಗೆ ಹೋಗುವುದಿಲ್ಲ, ನೆಲವನ್ನು ತಣ್ಣಗಿಡುವುದಕ್ಕೆ ಹೋಗುತ್ತದೆ. ಈ ಎರಡನ್ನೂ ಬೇರೆ ಮಾಡಿದರೆ ನಮ್ಮಂಥವರಿಗೂ ಒಂದು ದಾರಿ ಇದೆ: ಐಸಿನ ಬದಲು ಸಿಮೆಂಟಿನ ಮೇಲೆ, ಚಕ್ರದ ಸ್ಕೇಟಿನಲ್ಲಿ ಕಲಿಯುವುದು.

ನೆಲದ ಬಾಡಿಗೆ

ಸ್ಕೇಟ್ ಮಾಡುವ ಐಸಿನ ಅಂಗಳಕ್ಕೆ ರಿಂಕು ಎನ್ನುತ್ತಾರೆ. ಅಂತರರಾಷ್ಟ್ರೀಯ ಅಳತೆಯ ರಿಂಕು 60 ಮೀಟರ್ ಉದ್ದ, 30 ಮೀಟರ್ ಅಗಲ. ಅದರ ಮೇಲೆ ಮೂರು ಸೆಂಟಿಮೀಟರ್ ದಪ್ಪಕ್ಕೆ ಐಸ್ ಕಟ್ಟಬೇಕೆಂದರೆ ಸುಮಾರು 50,000 ಲೀಟರ್ ನೀರು ಬೇಕು. ನೀರು ದೊಡ್ಡ ಖರ್ಚಲ್ಲ, ಒಮ್ಮೆ ಗಟ್ಟಿ ಮಾಡುವುದೂ ಅಲ್ಲ. ಆ ಮೇಲ್ಮೈಯನ್ನು ಹಗಲೂ ರಾತ್ರಿ ಸೊನ್ನೆಗಿಂತ ಮೂರ್ನಾಲ್ಕು ಡಿಗ್ರಿ ಕೆಳಗೆ ಹಿಡಿದಿಡುವುದು ದೊಡ್ಡ ಖರ್ಚು. ನೆಲದಡಿಯ ಕೊಳವೆಗಳಲ್ಲಿ ತಣ್ಣನೆಯ ದ್ರವ ಸುತ್ತುತ್ತಲೇ ಇರಬೇಕು. ಹೊರಗೆ 32 ಡಿಗ್ರಿ ಸೆಖೆ, ಗಾಳಿಯಲ್ಲಿ ಕರಾವಳಿಯ ತೇವ ಇದ್ದರೆ ಒಳಗೆ ಮಂಜು ಮುಸುಕದಂತೆ ಗಾಳಿಯನ್ನೂ ಒಣಗಿಸಬೇಕು. ಜನರ ಬ್ಲೇಡು ಗೀರಿದ ಮೈಯನ್ನು ದಿನಕ್ಕೆ ಹಲವು ಸಲ ಹೆರೆದು, ಮೇಲೆ ಬಿಸಿನೀರು ಹಾಯಿಸಿ ನುಣುಪು ಮಾಡಬೇಕು. ತಣ್ಣೀರಿಗಿಂತ ಬಿಸಿನೀರು ಹಳೆಯ ಐಸಿನ ಜೊತೆ ಚೆನ್ನಾಗಿ ಬೆಸೆಯುತ್ತದೆ. ಆ ಕೆಲಸದ ಬಂಡಿಯನ್ನು 1949ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ ಮಾಡಿದ. ಈಗಲೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅರ್ಧ ಗಂಟೆಯ ಟಿಕೆಟ್ಟಿನಲ್ಲಿ ಇಷ್ಟೆಲ್ಲದರ ಕರೆಂಟು ಬಿಲ್ಲು ಸೇರಿರುತ್ತದೆ.

ನಮ್ಮ ದೇಶದಲ್ಲಿ ಐಸ್ ಸಿಗುವುದು ಬೆರಳೆಣಿಕೆಯ ಕಡೆ. ಶಿಮ್ಲಾದಲ್ಲಿ 1920ರಿಂದಲೂ ಬಯಲು ರಿಂಕು ಇದೆ, ಚಳಿಗಾಲದಲ್ಲಿ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಲಡಾಖಿನಲ್ಲಿ ಕೆರೆಗಳೇ ರಿಂಕು. ಡೆಹ್ರಾಡೂನ್, ಗುರುಗ್ರಾಮಗಳಲ್ಲಿ ಯಂತ್ರದ ಐಸ್ ಇದೆ. ಇವೆಲ್ಲವೂ ಕಾರವಾರದಿಂದ ಒಂದು ದಿನಕ್ಕಿಂತ ಹೆಚ್ಚಿನ ಪ್ರಯಾಣದ ದೂರ. ವಾರಕ್ಕೆರಡು ಸಲ ಐಸಿಗೆ ಇಳಿಯುತ್ತೇನೆ ಎಂಬ ಆಸೆಯನ್ನು ನಾನು ಮೊದಲ ವಾರವೇ ಬಿಟ್ಟೆ.

ಇನ್ನು ಐಸ್ ಯಾಕೆ ಜಾರುತ್ತದೆ ಎಂಬುದು. ಬ್ಲೇಡಿನ ಒತ್ತಡಕ್ಕೆ ಐಸ್ ಕರಗಿ ನೀರಾಗುತ್ತದೆ ಎಂದು ನಾನೇ ಹಲವು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಮನುಷ್ಯನ ತೂಕದ ಒತ್ತಡಕ್ಕೆ ಕರಗುವ ಬಿಂದು ಇಳಿಯುವುದು ತುಸು ಮಾತ್ರ, ಜನರಾದರೋ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಸ್ಕೇಟ್ ಮಾಡುತ್ತಾರೆ. ನಿಜಕ್ಕೂ ಐಸಿನ ತೀರಾ ಮೇಲಿನ ಅಣುಗಳಿಗೆ ಮೇಲುಗಡೆಯಿಂದ ಹಿಡಿದುಕೊಳ್ಳುವವರು ಇಲ್ಲ. ಅವು ಸಡಿಲವಾಗಿ, ಅರೆನೀರಿನ ಹಾಗೆ ಇರುತ್ತವೆ. 1850ರಲ್ಲಿಯೇ ಮೈಕೆಲ್ ಫ್ಯಾರಡೆ ಇಂಥದ್ದೊಂದು ಪದರ ಇರಬೇಕೆಂದು ಹೇಳಿದ್ದ. ಅದರ ಜೊತೆಗೆ ಬ್ಲೇಡು ಉಜ್ಜಿದ ಬಿಸಿ ಸೇರುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದವರಿಗೆ ತೆಳುಪದರದ ಮಹಿಮೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಬ್ಲೇಡಿಗೆ ಎರಡು ಅಂಚು

ಜಾರುವುದು ಮುಖ್ಯ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸ್ಕೇಟರಿಗೆ ಬೇಕಾದದ್ದು ಒಂದು ದಿಕ್ಕಿನಲ್ಲಿ ಜಾರುವುದು, ಇನ್ನೊಂದು ದಿಕ್ಕಿನಲ್ಲಿ ಕಚ್ಚಿ ಹಿಡಿಯುವುದು. ಫಿಗರ್ ಸ್ಕೇಟಿನ ಬ್ಲೇಡನ್ನು ಚಾಕುವಿನ ಹಾಗೆ ಚೂಪಾದದ್ದು ಎಂದು ಭಾವಿಸಬೇಡಿ. ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಪಟ್ಟಿ ಅದು. ಅದರ ಅಡಿಯಲ್ಲಿ ಉದ್ದಕ್ಕೂ ತೆಳ್ಳನೆಯ ಕಾಲುವೆ ಕೊರೆದಿರುತ್ತಾರೆ, ಅಡಿಕೆ ಸೋಗೆಯ ದಂಡು ಒಂದು ಬದಿಗೆ ತಗ್ಗಾಗಿರುತ್ತದಲ್ಲ, ಹಾಗೆ. ಆದ್ದರಿಂದ ಒಂದು ಬ್ಲೇಡಿಗೆ ಎರಡು ಅಂಚು: ಕಾಲಿನ ಒಳಬದಿಯದು ಒಳ ಅಂಚು, ಹೊರಬದಿಯದು ಹೊರ ಅಂಚು. ನೆಟ್ಟಗೆ ನಿಂತರೆ ಎರಡೂ ತಾಗುತ್ತವೆ. ತುಸು ವಾಲಿದರೆ ಒಂದು ಮಾತ್ರ ಕಚ್ಚುತ್ತದೆ. ಬ್ಲೇಡು ಮುಂದಿನಿಂದ ಹಿಂದಕ್ಕೂ ದೋಣಿಯ ತಳದ ಹಾಗೆ ಬಾಗಿರುವುದರಿಂದ ನೆಲಕ್ಕೆ ತಾಗುವುದು ಕೆಲವೇ ಸೆಂಟಿಮೀಟರ್. ವಾಲಿದಾಗ ಆ ತುಂಡು ಅಂಚು ನಿಮ್ಮನ್ನು ತಾನಾಗಿ ಒಂದು ವೃತ್ತದ ಮೇಲೆ ಒಯ್ಯುತ್ತದೆ. ನೀವು ತಿರುಗುವುದಿಲ್ಲ, ವಾಲುತ್ತೀರಿ, ತಿರುಗಿಸುವುದು ಅಂಚು.

ಇಷ್ಟು ತಿಳಿದರೆ ಮುಂದಿನದೆಲ್ಲ ಲೆಕ್ಕ. ಮುಂದಕ್ಕೆ ಅಥವಾ ಹಿಂದಕ್ಕೆ, ಒಳ ಅಂಚು ಅಥವಾ ಹೊರ ಅಂಚು, ಎಡಗಾಲು ಅಥವಾ ಬಲಗಾಲು. ಎರಡು, ಎರಡು, ಎರಡು ಗುಣಿಸಿದರೆ ಎಂಟು. ಫಿಗರ್ ಸ್ಕೇಟಿಂಗ್ ಎಂದರೆ ಈ ಎಂಟು ಅಂಚುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬೀಳದೆ ದಾಟುವ ವಿದ್ಯೆ. ಒಂದೇ ಕಾಲಿನಲ್ಲಿ ಮುಂದಿನ ಹೊರ ಅಂಚಿನಿಂದ ಹಿಂದಿನ ಒಳ ಅಂಚಿಗೆ ಹೊರಳಿದರೆ ನೆಲದ ಮೇಲೆ 3 ಬರೆದ ಹಾಗೆ ಗೆರೆ ಬೀಳುತ್ತದೆ. ಅದಕ್ಕೆ ತ್ರೀ ಟರ್ನ್ ಎನ್ನುತ್ತಾರೆ. ಕಾಲು ಬದಲಿಸಿ, ಅಂಚಿನ ಬಗೆ ಬದಲಿಸದೆ ದಿಕ್ಕು ತಿರುಗಿದರೆ ಮೊಹಾಕ್. ಈ ಎರಡು ಬಂದರೆ ನೋಡುವವರಿಗೆ 'ಇವಳಿಗೆ ಸ್ಕೇಟಿಂಗ್ ಬರುತ್ತದೆ' ಅನ್ನಿಸುತ್ತದೆ. ನನಗೆ ಒಂದೂವರೆ ಬರುತ್ತದೆ.

ಆಟದ ಹೆಸರಿನಲ್ಲಿರುವ 'ಫಿಗರ್' ಕೂಡ ಇದೇ. ಹಿಂದೆ ಸ್ಪರ್ಧೆಗಳಲ್ಲಿ ಹಾರುವುದಕ್ಕಿಂತ ಐಸಿನ ಮೇಲೆ ಎಂಟರ ಆಕಾರವನ್ನು ಬ್ಲೇಡಿನಿಂದ ಬರೆದು, ಮತ್ತೆ ಅದೇ ಗೆರೆಯ ಮೇಲೆ ಹಾಯುವುದಕ್ಕೆ ಹೆಚ್ಚು ಬೆಲೆ ಇತ್ತು. ತೀರ್ಪುಗಾರರು ಬಗ್ಗಿ ಗೆರೆ ನೋಡುತ್ತಿದ್ದರು. ವೃತ್ತದ ಅಡ್ಡಳತೆ ಸ್ಕೇಟರಿನ ಎತ್ತರದ ಸುಮಾರು ಮೂರು ಪಟ್ಟು ಇರಬೇಕು. ಟಿವಿಯಲ್ಲಿ ಅದನ್ನು ನೋಡುವವರಿಗೆ ಬೇಸರ ಬಂತೆಂದೋ ಏನೋ, 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಅದನ್ನು ತೆಗೆದರು. ನನ್ನ ಮಟ್ಟಿಗೆ ವಯಸ್ಕರು ಕಲಿಯಬೇಕಾದದ್ದು ಇದೇ ತೆಗೆದುಹಾಕಿದ ಭಾಗ. ರಂಗೋಲಿಯ ಎಳೆ ಎಳೆಯುವವರಿಗೆ ಇದರ ರುಚಿ ಬೇಗ ಹತ್ತುತ್ತದೆ, ಮತ್ತೆ ಹಾರಾಟಕ್ಕಿಂತ ಇದರಲ್ಲಿ ಎಲುಬು ಮುರಿದುಕೊಳ್ಳುವ ಭಯ ಕಡಿಮೆ.

ಸಿಮೆಂಟಿನ ಮೇಲೆ ಅಂಚು ಎಲ್ಲಿಂದ ಬರುತ್ತದೆ

ಚಕ್ರದ ಸ್ಕೇಟು ಐಸಿನ ಬಡ ನೆಂಟ ಎಂದು ನಾನೂ ಅಂದುಕೊಂಡಿದ್ದೆ. 1760ರ ದಶಕದ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರ ಕುಶಲಿ ಚಕ್ರ ಕಟ್ಟಿಕೊಂಡು, ಪಿಟೀಲು ಬಾರಿಸುತ್ತ, ಒಂದು ವೇಷದ ಕೂಟಕ್ಕೆ ನುಗ್ಗಿದನಂತೆ. ತಿರುಗಲಿಕ್ಕೂ ಬರಲಿಲ್ಲ, ನಿಲ್ಲಲಿಕ್ಕೂ ಬರಲಿಲ್ಲ. ದೊಡ್ಡ ಕನ್ನಡಿಗೆ ಹೊಡೆದು ಅದನ್ನೂ ಪಿಟೀಲನ್ನೂ ಪುಡಿ ಮಾಡಿದ ಎಂಬ ಕತೆ ಇದೆ. ಅವನ ತಪ್ಪಲ್ಲ. ಅಂದಿನ ಚಕ್ರಗಳು ಎತ್ತಿನ ಗಾಡಿಯ ಅಚ್ಚಿನ ಹಾಗೆ ಬಿಗಿಯಾಗಿ ಕೂತಿದ್ದವು, ನೇರ ಮಾತ್ರ ಹೋಗುತ್ತಿದ್ದವು.

ಇದನ್ನು ಬಗೆಹರಿಸಿದ್ದು 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್. ಅವನ ಉಪಾಯ ಇವತ್ತಿಗೂ ನಾಲ್ಕು ಚಕ್ರದ ಸ್ಕೇಟಿನಲ್ಲಿ ಹಾಗೇ ಇದೆ. ಬೂಟು ತಿರುವಿ ನೋಡಿ: ಮುಂದೆ ಒಂದು ಜೋಡಿ ಚಕ್ರ, ಹಿಂದೆ ಒಂದು ಜೋಡಿ. ಪ್ರತಿ ಜೋಡಿಯ ಅಚ್ಚು ಓರೆಯಾಗಿ ನಿಂತ ಬೋಲ್ಟಿಗೆ ಸಿಕ್ಕಿಕೊಂಡಿರುತ್ತದೆ, ನಡುವೆ ರಬ್ಬರಿನ ಗಿಡ್ಡ ದಿಂಬು. ನೀವು ಬಲಕ್ಕೆ ವಾಲಿದರೆ ರಬ್ಬರು ಒಂದು ಕಡೆ ಅಮುಕಿಕೊಂಡು ಮುಂದಿನ ಅಚ್ಚು ಬಲಕ್ಕೆ, ಹಿಂದಿನ ಅಚ್ಚು ಎಡಕ್ಕೆ ಹೊರಳುತ್ತದೆ. ಎರಡೂ ಅಚ್ಚಿನ ಗೆರೆಗಳು ಬಲಗಡೆ ಎಲ್ಲೋ ಕೂಡುತ್ತವೆ, ಆ ಬಿಂದುವೇ ನಿಮ್ಮ ವೃತ್ತದ ನಡು. ಐಸಿನಲ್ಲಿ ಅಂಚು ಮಾಡುವ ಕೆಲಸವನ್ನು ಇಲ್ಲಿ ಒಂದು ರಬ್ಬರು ತುಂಡು ಮಾಡುತ್ತದೆ. ವಾಲಿಕೆ ಮಾತ್ರ ಅದೇ.

ಹೊಸ ಸ್ಕೇಟಿನಲ್ಲಿ ಆ ಬೋಲ್ಟಿನ ನಟ್ಟನ್ನು ಬಿಗಿದೇ ಕೊಟ್ಟಿರುತ್ತಾರೆ. ನಾನು ಎರಡು ತಿಂಗಳು ವಾಲಿ ವಾಲಿ ಸಾಕಾದೆ. ಸ್ಕೇಟು ನೆಟ್ಟಗೇ ಹೋಗುತ್ತಿತ್ತು. ಇದು ನನ್ನ ವಯಸ್ಸಿನ ದೋಷ ಎಂದು ತೀರ್ಮಾನಿಸಿಯೂ ಆಗಿತ್ತು. ಒಂದು ಭಾನುವಾರ, ನಾನು ಹೋಗುವ ಮಕ್ಕಳ ಸ್ಕೇಟಿಂಗ್ ತರಗತಿಯ ಕೋಚ್ ನನ್ನ ಬಲಗಾಲಿನ ಸ್ಕೇಟು ಬಿಚ್ಚಿಸಿ, ಹೆಬ್ಬೆರಳಿನಿಂದ ಅಚ್ಚನ್ನು ಅಲುಗಿಸಲು ನೋಡಿದರು, ಅಲುಗಲಿಲ್ಲ. ಸ್ಪ್ಯಾನರು ಹಿಡಿದು ನಟ್ಟನ್ನು ಕಾಲು ಸುತ್ತು ಬಿಟ್ಟರು. ಮತ್ತೆ ಕಾಲು ಸುತ್ತು. "ಈಗ ಹೋಗಿ ನೋಡಿ ಮೇಡಂ." ಹೊರಟ ಮೂರನೆಯ ಮೀಟರಿಗೆ ಸ್ಕೇಟು ತಾನಾಗಿ ಬಲಕ್ಕೆ ಬಳುಕಿತು, ನಾನು ಗಾಬರಿಯಲ್ಲಿ ಬಿದ್ದೆ. ಬಿದ್ದಲ್ಲೇ ಕೂತು ನಗು ಬಂತು. ನೀವು ಮಾಡುವುದಾದರೆ ಕಾಲು ಕಾಲು ಸುತ್ತೇ ಬಿಡಿ, ಎರಡೂ ಕಾಲಿಗೆ ಸಮ ಇರಲಿ. ತೀರಾ ಸಡಿಲವಾದರೆ ನಡುಗಲು ಶುರುವಾಗುತ್ತದೆ.

ಈ ನಾಲ್ಕು ಚಕ್ರದ ಮೇಲೆ ಫಿಗರ್ ಸ್ಕೇಟಿಂಗಿನದೇ ಹಾರಾಟ, ಅದೇ ಸುತ್ತು ಇರುವ ಪೂರ್ಣ ಪ್ರಮಾಣದ ಕ್ರೀಡೆ ಇದೆ: ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್. ಅಲ್ಲಿ ಫಿಗರ್ ವೃತ್ತಗಳನ್ನು ನೆಲಕ್ಕೆ ಬಣ್ಣದಲ್ಲಿ ಬರೆದೇ ಇರುತ್ತಾರೆ. ಐಸಿನ ಫಿಗರ್ ಸ್ಕೇಟಿಂಗಿನಲ್ಲಿ ಭಾರತಕ್ಕೆ ಏಷ್ಯನ್ ಚಳಿಗಾಲದ ಕೂಟದ ಪದಕ ಕನಸಿನ ಮಾತು. ಚಕ್ರದ ಮೇಲೆ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲೇ ಎರಡು ಕಂಚು ಬಂದಿವೆ. ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಒಬ್ಬರೇ ಒಂದು ಗೆದ್ದರು, ಅವನಿ ಪಂಚಾಲ್ ಜೊತೆ ಜೋಡಿಯಾಗಿ ಇನ್ನೊಂದು.

ಒಂದು ಎಚ್ಚರ. ನಮ್ಮ ಕಡೆ ಸಿಗುವ ತರಗತಿಗಳಲ್ಲಿ ಹೆಚ್ಚಿನವು ಸ್ಪೀಡ್ ಸ್ಕೇಟಿಂಗಿನವು. ಸಾಲು ಚಕ್ರದ ಇನ್‌ಲೈನ್ ಸ್ಪೀಡ್ ಸ್ಕೇಟಿನಲ್ಲಿ ಚಕ್ರಗಳೆಲ್ಲ ಒಂದೇ ಮಟ್ಟಕ್ಕೆ ನೆಲ ಮುಟ್ಟುತ್ತವೆ. ಓಡಲು ಚೆಂದ, ಹೊರಳಲು ಕಷ್ಟ. ನಡುವಿನ ಚಕ್ರ ತುಸು ಕೆಳಗಿರುವ ಫಿಗರ್ ಇನ್‌ಲೈನ್ ಎಂಬುದು ಬೇರೆಯೇ ಇದೆ. ಐಸಿಗೆ ಅತಿ ಹತ್ತಿರದ್ದು ಅದು, ಬೆಲೆಯೂ ಹಾಗೇ. ಬಡವರ ಆಯ್ಕೆ ನಾಲ್ಕು ಚಕ್ರದ್ದು. ಮಕ್ಕಳ ಸ್ಪೀಡ್ ತರಗತಿಯಲ್ಲೇ ನಿಂತು ಮೊದಲ ಆರು ತಿಂಗಳ ಪಾಠ ಕಲಿಯಬಹುದು. ನಿಲ್ಲುವುದು, ಬೀಳುವುದು, ಒಂದು ಕಾಲಿನಲ್ಲಿ ತೇಲುವುದು, ಕಾಲ ಮೇಲೆ ಕಾಲು ದಾಟಿಸುವುದು ಎರಡಕ್ಕೂ ಒಂದೇ.

ಎಲ್ಲಿ ಉಳಿಸಬಾರದು

ನನ್ನ ಮೊದಲ ತಪ್ಪು ₹1,500ರದ್ದು. ಚಪ್ಪಲಿಯ ಮೇಲೆ ಕಟ್ಟಿಕೊಳ್ಳುವ, ಉದ್ದ ಹೆಚ್ಚು ಕಡಿಮೆ ಮಾಡುವ ಕಬ್ಬಿಣದ ಸ್ಕೇಟು ತಂದೆ. ಇಪ್ಪತ್ತೈದು ಕಿಲೋದ ಮಗುವಿಗೆ ಅದು ಸಾಕು, ಅರವತ್ತೆರಡು ಕಿಲೋದವಳಿಗೆ ಸಾಲದು. ಹಿಮ್ಮಡಿ ಅಲ್ಲಾಡುತ್ತಿತ್ತು, ಪಾದ ಒಳಕ್ಕೆ ಕುಸಿಯುತ್ತಿತ್ತು. ಹಿಮ್ಮಡಿ ಅಲ್ಲಾಡಿದರೆ ವಾಲಿಕೆ ಚಕ್ರಕ್ಕೆ ತಲುಪುವ ಮೊದಲೇ ಬೂಟಿನೊಳಗೆ ಕಳೆದುಹೋಗುತ್ತದೆ. ಹಾಗಾಗಿ ದುಡ್ಡಿನಲ್ಲಿ ಮೊದಲ ಪಾಲು ಬೂಟಿಗೆ. ನಾನು ಆಮೇಲೆ ಕೊಂಡದ್ದು ಕಾಲೇಜಿಗೆ ಹೋಗಿ ಆಟ ಬಿಟ್ಟ ಹುಡುಗಿಯ ಹಳೆಯ ಬೂಟು-ಸ್ಕೇಟು, ₹4,000. ಹಳೆಯದು ಕೊಳ್ಳುವಾಗ ಕಣಕಾಲಿನ ಜಾಗವನ್ನು ಕೈಯಿಂದ ಮಡಚಿ ನೋಡಿ. ಬಟ್ಟೆಯ ಹಾಗೆ ಬಗ್ಗಿದರೆ ಬೇಡ. ಪಾದವನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಸುತ್ತು ಗೀರಿ ಮಿಲಿಮೀಟರಿನಲ್ಲಿ ಅಳೆಯಿರಿ, ಚಪ್ಪಲಿಯ ನಂಬರನ್ನು ನಂಬಬೇಡಿ. ತೆಳು ಕಾಲುಚೀಲ ಹಾಕಿದಾಗ ಬೆರಳು ತುದಿಯನ್ನು ಸವರಿದ ಹಾಗಿರಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಲೇಸು ಬೆರಳಿನ ಕಡೆ ಸಡಿಲ, ಕಣಕಾಲಿನ ತಿರುವಿನಲ್ಲಿ ಬಿಗಿ, ಮೇಲೆ ಮತ್ತೆ ತುಸು ಸಡಿಲ. ಎಲ್ಲ ಕಡೆ ಬಿಗಿ ಕಟ್ಟಿದರೆ ಮಂಡಿ ಬಗ್ಗುವುದೇ ಇಲ್ಲ.

ಎರಡನೆಯ ಪಾಲು ಹೆಲ್ಮೆಟ್ಟಿಗೆ, ಮಣಿಕಟ್ಟಿನ ಗಾರ್ಡಿಗೆ. ಮೂರನೆಯದು ಚಕ್ರಕ್ಕೆ. ಚಕ್ರದ ಮೇಲೆ 78ಎ, 92ಎ ಎಂದೆಲ್ಲ ಬರೆದಿರುತ್ತದಲ್ಲ, ಅದು ಗಡಸುತನದ ಅಳತೆ. ತರಿತರಿ ಸಿಮೆಂಟಿಗೆ, ಡಾಂಬರಿಗೆ ಎಂಬತ್ತರ ಆಸುಪಾಸಿನ ಮೆದು ಚಕ್ರ. ಸಭಾಭವನದ ನುಣುಪು ನೆಲಕ್ಕೆ ತೊಂಬತ್ತರ ಮೇಲಿನದು. ಅಲ್ಲಿ ಮೆದು ಚಕ್ರ ಹಾಕಿ ಹೊರಳಲು ಹೋದರೆ ನೆಲ ಕಚ್ಚಿ ಮಂಡಿ ತಿರುಚುತ್ತದೆ.

ಬೇರಿಂಗಿನಲ್ಲಿ ಮಾತ್ರ ಧಾರಾಳ ಉಳಿಸಬಹುದು. ಎಂಟು ಚಕ್ರಕ್ಕೆ ಹದಿನಾರು ಬೇರಿಂಗ್. ಬಹುತೇಕ ಸ್ಕೇಟುಗಳದ್ದು 608 ನಂಬರಿನದು: ಒಳಗೆ 8 ಮಿ.ಮೀ., ಹೊರಗೆ 22, ದಪ್ಪ 7. ಆಟದ ಸಾಮಾನಿನ ಅಂಗಡಿಯಲ್ಲಿ ಕೇಳುವ ಬದಲು ಬೇರಿಂಗ್ ಅಂಗಡಿಯಲ್ಲಿ ಕೇಳಿ. ಕಡಲ ಗಾಳಿಗೆ ಅವು ಬೇಗ ತುಕ್ಕು ಹಿಡಿಯುತ್ತವೆ; ಹತ್ತು ದಿನ ಮುಟ್ಟದೆ ಇಟ್ಟರೆ ಚಕ್ರ ಕಿರುಗುಡುತ್ತದೆ. ಸೂಜಿಯಿಂದ ಮುಚ್ಚಳ ಎಬ್ಬಿಸಿ, ಸೀಮೆಎಣ್ಣೆಯ ಡಬ್ಬಿಯಲ್ಲಿ ಹಾಕಿ ಕುಲುಕಿ, ಹಳೆಯ ಪಂಚೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ತಿಂಗಳಿಗೊಂದು ಸಲ. ನನ್ನ ಮನೆಯವರು ಈ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ, ಕ್ರಿಕೆಟ್ ನೋಡುತ್ತ ಮಾಡುತ್ತಾರೆ.

ಮೊದಲ ವರ್ಷದ ಲೆಕ್ಕ ಹೀಗೆ: ದಂಡವಾದ ₹1,500, ಬೂಟು ₹4,000, ಹೆಲ್ಮೆಟ್ ಮತ್ತು ಗಾರ್ಡು ₹2,000, ಚಕ್ರ ₹2,400, ಬೇರಿಂಗ್ ₹600, ಎಂಟು ತಿಂಗಳ ತರಗತಿ ತಿಂಗಳಿಗೆ ₹700ರಂತೆ ₹5,600. ಒಟ್ಟು ₹16,100. ಮಳೆಗಾಲದ ನಾಲ್ಕು ತಿಂಗಳು ಶುಲ್ಕ ಇಲ್ಲ, ಯಾಕೆಂದರೆ ತರಗತಿಯೇ ಇಲ್ಲ.

ಆಯಿಯ ಪ್ರಶ್ನೆ

ನಮ್ಮ ತರಗತಿಯಲ್ಲಿ ನನ್ನ ನಂತರದ ಹಿರಿಯ ವಿದ್ಯಾರ್ಥಿಗೆ ಹನ್ನೊಂದು ವರ್ಷ. ಕೆಲವರು ನನ್ನ ಶಾಲೆಯವರೇ. ನಾನು ಹೊರಟ ಕೂಡಲೆ ಹಿಂದಿನಿಂದ ಕೂಗು ಬರುತ್ತದೆ: "ಅಕ್ಕೋರೇ, ಮಂಡಿ ಬಗ್ಸಿ!" ಅವರಿಗೆ ಇದರಲ್ಲಿ ಸಿಗುವ ಸುಖ ಬೇರೆ. ಆದರೂ ಅವರು ಹೇಳುವುದು ಸರಿ. ವಯಸ್ಕರು ಹೆದರಿದಾಗ ಮಂಡಿ ನೆಟ್ಟಗಾಗುತ್ತದೆ, ಸೊಂಟದಿಂದ ಮುಂದಕ್ಕೆ ಬಾಗುತ್ತೇವೆ, ಕಣ್ಣು ಕಾಲಿನ ಮೇಲಿರುತ್ತದೆ. ದೇಹದ ಭಾರ ಎತ್ತರಕ್ಕೇರಿ ಬುಡಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿಗೆ ಬೀಳುವುದು ನಿಶ್ಚಯ. ಮಕ್ಕಳು ಹೆದರುವುದಿಲ್ಲ, ಬಿದ್ದರೂ ನೆಲ ಅವರಿಗೆ ಹತ್ತಿರ.

ಬಿದ್ದಾಗ ಮುರಿಯುವುದು ಹೆಚ್ಚಾಗಿ ಮಣಿಕಟ್ಟು, ಯಾಕೆಂದರೆ ಅಂಗೈ ಚಾಚಿ ನೆಲ ತಡೆಯಲು ಹೋಗುತ್ತೇವೆ. ಅದಕ್ಕೇ ಮೊದಲ ಎರಡು ತರಗತಿ ಬೀಳುವುದಕ್ಕೇ ಮೀಸಲಿರಲಿ. ಬೀಳುತ್ತೇನೆ ಅನ್ನಿಸಿದ ಕೂಡಲೆ ಎದ್ದು ನಿಲ್ಲಲು ಹೆಣಗಬಾರದು, ಇನ್ನೂ ಕೆಳಗೆ ಕೂರಬೇಕು. ಕೂತು ಒಂದು ಬದಿಯ ತೊಡೆಯ ಮೇಲೆ ಒರಗಬೇಕು. ಕೈ ಮುಷ್ಟಿ ಮಾಡಿ ಎದೆಯ ಹತ್ತಿರ. ಏಳುವಾಗ ಮೊದಲು ಮಂಡಿಯ ಮೇಲೆ, ಆಮೇಲೆ ಒಂದು ಪಾದ ಮುಂದಿಟ್ಟು, ಆ ತೊಡೆಯ ಮೇಲೆ ಎರಡೂ ಕೈ ಊರಿ. ಎಲುಬು ಸವೆದಿದೆ ಎಂದು ಡಾಕ್ಟರು ಹೇಳಿದ್ದರೆ ಈ ಆಟ ಬೇಡ, ಸ್ಕೇಟು ಕಟ್ಟದೆ ವೃತ್ತದ ಮೇಲೆ ನಡೆಯುವ ಅಭ್ಯಾಸ ಮಾತ್ರ ಸಾಕು. ಆಯಿಗೆ ನಾನು ಕೊಟ್ಟ ಉತ್ತರ ಇದೇ. "ಆತು, ಹೆಲ್ಮೆಟ್ ಹಾಕ್ಯ" ಅಂದಳು.

ಮಂಡಿ ಬಗ್ಗಬೇಕಾದರೆ ಕಣಕಾಲು ಮಡಚಬೇಕು. ಕುರ್ಚಿಯಲ್ಲಿ ಕೂತೇ ದಿನ ಕಳೆಯುವವರಿಗೆ ಅದು ಗಟ್ಟಿಯಾಗಿರುತ್ತದೆ. ಕುಕ್ಕರಗಾಲಲ್ಲಿ ಕೂತು ಅಂಗಳ ಗುಡಿಸಿದವರಿಗೆ, ಹಸು ಕರೆದವರಿಗೆ ಇದು ತಾನಾಗಿ ಬಂದಿರುತ್ತದೆ. ಹಿಮ್ಮಡಿ ಎತ್ತದೆ ಕುಕ್ಕರಗಾಲಲ್ಲಿ ಎರಡು ನಿಮಿಷ ಕೂರಲು ಬರುತ್ತದೆಯೇ ನೋಡಿಕೊಳ್ಳಿ. ಬಾರದಿದ್ದರೆ ಅದೇ ನಿಮ್ಮ ಮೊದಲ ತಿಂಗಳ ಪಾಠ, ಸ್ಕೇಟಿಗೆ ಮುಂಚೆ. ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲಿ, ಮೇಲೆ ಕೆಳಗೆ ಉಜ್ಜುವಷ್ಟು ಹೊತ್ತು ಕಾಲು ಬದಲಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಭ್ಯಾಸವೆಲ್ಲ ಮನೆಯೊಳಗೆ ಇಂಥದ್ದೇ.

ಹಾರುವುದು, ಹೊರಳುವುದು

ಹಾರಾಟದ ಬಗ್ಗೆ ಕಡಿಮೆ ಹೇಳುತ್ತೇನೆ, ನಾನು ಅರ್ಧ ಸುತ್ತಿನ ವಾಲ್ಟ್ಜ್ ಜಂಪಿನ ಹೊಸ್ತಿಲಲ್ಲಿ ನಿಂತವಳು. ಆದರೆ ಟಿವಿ ನೋಡುವವರಿಗೆ ಒಂದು ಸುಲಭ ಕೀಲಿ ಇದೆ. ಮುಖ್ಯ ಜಂಪುಗಳು ಆರು, ಎಲ್ಲವೂ ಹಿಂದಿನ ಹೊರ ಅಂಚಿನ ಮೇಲೇ ಇಳಿಯುತ್ತವೆ, ಭೇದವೆಲ್ಲ ಹೊರಡುವಲ್ಲಿ. ಮುಂದೆ ಮುಖ ಮಾಡಿ ಹಾರಿದರೆ ಆಕ್ಸೆಲ್, ಹಾಗೆ ಹೊರಡುವುದು ಅದೊಂದೇ. ಮುಂದೆ ಹೊರಟು ಹಿಂದೆ ಇಳಿಯುವುದರಿಂದ ಅದಕ್ಕೆ ಅರ್ಧ ಸುತ್ತು ಹೆಚ್ಚು. 1882ರಲ್ಲಿ ನಾರ್ವೆಯ ಆಕ್ಸೆಲ್ ಪಾಲ್ಸನ್ ಮೊದಲು ಹಾರಿದ. ಉಳಿದ ಐದರಲ್ಲಿ ಬ್ಲೇಡಿನ ಮೂತಿಯ ಹಲ್ಲನ್ನು ಐಸಿಗೆ ಚುಚ್ಚಿ ಹಾರುವವು ಮೂರು: ಟೋ ಲೂಪ್, ಫ್ಲಿಪ್, ಲುಟ್ಜ್. ಬರೀ ಅಂಚಿನಿಂದ ಹಾರುವವು ಎರಡು: ಸಾಲ್ಕೋ, ಲೂಪ್. ಫ್ಲಿಪ್ಪಿಗೂ ಲುಟ್ಜಿಗೂ ಇರುವ ವ್ಯತ್ಯಾಸ ಒಂದು ಅಂಚು ಮಾತ್ರ. ಒಳ ಅಂಚಿನಿಂದ ಹೊರಟರೆ ಫ್ಲಿಪ್, ಹೊರ ಅಂಚಿನಿಂದ ಹೊರಟರೆ ಲುಟ್ಜ್. ಲುಟ್ಜಿನಲ್ಲಿ ಬರುವ ಬಾಗು ಒಂದು ಕಡೆಗೆ, ಸುತ್ತುವುದು ಇನ್ನೊಂದು ಕಡೆಗೆ. ಅದಕ್ಕೇ ಅದು ಕಷ್ಟ.

ಗಾಳಿಯಲ್ಲಿ ಅರ್ಧ ಸೆಕೆಂಡು ಇರಬೇಕೆಂದರೆ ಸುಮಾರು 30 ಸೆಂಟಿಮೀಟರ್ ಎತ್ತರ ಹಾರಬೇಕು. ಮೂರು, ನಾಲ್ಕು ಸುತ್ತು ಹೊಡೆಯುವವರಿಗೂ ಸಿಗುವುದು ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಸುತ್ತು ಹೆಚ್ಚಿಸಲು ಅವರು ಎತ್ತರಕ್ಕಿಂತ ಕೈಗಳನ್ನು ನೆಚ್ಚುತ್ತಾರೆ: ಚಾಚಿದ ಕೈಗಳನ್ನು ಎದೆಗೆ ಸೆಳೆದಷ್ಟೂ ತಿರುಗುವ ವೇಗ ಏರುತ್ತದೆ. ಇಳಿಯುವಾಗ ಮತ್ತೆ ಕೈ ಬಿಚ್ಚಿ ವೇಗ ಮುರಿಯುತ್ತಾರೆ. ಯಕ್ಷಗಾನದಲ್ಲಿ ಧಿಗಿಣ ಹೊಡೆದು ಇಳಿಯುವ ಒಳ್ಳೆಯ ವೇಷಧಾರಿಯ ಮಂಡಿ ನೋಡಿ. ಗೆಜ್ಜೆ ಸದ್ದು ಮಾಡುತ್ತದೆ, ಪಾದ ಮಾಡುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿ ಕುಣಿದರು. ನಲವತ್ತೊಂದಕ್ಕೆ ಎಂತ ದಾಡಿ ಎಂದು ನಾನು ಆಯಿಗೆ ಹೇಳಿದ್ದೂ ಈ ಧೈರ್ಯದ ಮೇಲೆಯೇ. ವಯಸ್ಕರಿಗೆಂದೇ ಸ್ಪರ್ಧೆಯೂ ಇದೆ. ಜರ್ಮನಿಯ ಓಬರ್‌ಸ್ಟ್‌ಡಾರ್ಫ್‌ನಲ್ಲಿ 2005ರಿಂದ ನಡೆಯುವ ಕೂಟಕ್ಕೆ 28 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ.

ಚಕ್ರ ಕಲಿಸದೆ ಬಿಡುವುದು ಏನೆಂದೂ ಹೇಳಬೇಕು. ಕಳೆದ ಚಳಿಗಾಲ ನೆಂಟರ ಮದುವೆಗೆ ಉತ್ತರಕ್ಕೆ ಹೋದಾಗ ಒಂದು ರಿಂಕಿನಲ್ಲಿ ಅರ್ಧರ್ಧ ಗಂಟೆಯ ಎರಡು ಟಿಕೆಟ್ ತೆಗೆದೆ. ಬಾಡಿಗೆ ಬೂಟು ಸಾವಿರ ಕಾಲು ಕಂಡು ಮೆತ್ತಗಾಗಿತ್ತು, ಬ್ಲೇಡಿಗೆ ಸಾಣೆ ಇರಲಿಲ್ಲ. ಹೊರಟೆ, ಬೀಳಲಿಲ್ಲ. ತೇಲುವುದು, ವಾಲುವುದು, ಕಾಲು ದಾಟಿಸುವುದು ಹತ್ತು ನಿಮಿಷದಲ್ಲಿ ಹೊಂದಿಕೊಂಡವು. ನಿಲ್ಲಲು ಮಾತ್ರ ಬರಲಿಲ್ಲ. ಐಸಿನಲ್ಲಿ ನಿಲ್ಲುವುದೆಂದರೆ ಬ್ಲೇಡನ್ನು ಅಡ್ಡ ಮಾಡಿ ಹೆರೆಯುವುದು. ಚಕ್ರ ಅಡ್ಡಕ್ಕೆ ಜಾರುವುದಿಲ್ಲವಾದ್ದರಿಂದ ಆ ಒತ್ತು ನನ್ನ ಕಾಲಿಗೆ ಗೊತ್ತೇ ಇರಲಿಲ್ಲ. ಚಕ್ರದ ಸ್ಕೇಟಿನ ಮೂತಿಯಲ್ಲಿರುವ ರಬ್ಬರಿನ ಬ್ರೇಕು ಒತ್ತುವ ಅಭ್ಯಾಸದಲ್ಲಿ ಬ್ಲೇಡಿನ ಮೂತಿಯ ಹಲ್ಲು ಚುಚ್ಚಿ ಒಮ್ಮೆ ಮುಗ್ಗರಿಸಿದೆ. ಒಂದೇ ಕಡೆ ನಿಂತು ಸುತ್ತುವ ಸ್ಪಿನ್ನೂ ಬೇರೆ. ಐಸಿನಲ್ಲಿ ಅದು ಬ್ಲೇಡಿನ ಮುಂಭಾಗದ ಒಂದು ಚುಕ್ಕೆಯ ಮೇಲೆ, ಚಕ್ರದಲ್ಲಿ ಅಂಥ ಚುಕ್ಕೆ ಇಲ್ಲ. ಬದಲಿಗೆ ತ್ರೀ ಟರ್ನ್ ಐಸಿನಲ್ಲಿ ನಂಬಲಾರದಷ್ಟು ಹಗುರ ಅನ್ನಿಸಿತು. ಸಿಮೆಂಟಿನ ಮೇಲೆ ಹೊರಳಬೇಕಾದರೆ ಒಂದು ಕ್ಷಣ ಭಾರವನ್ನೇ ಮೇಲೆತ್ತಬೇಕು, ಅಲ್ಲಿ ಅಷ್ಟು ಬೇಡ.

ಸ್ವಂತ ಐಸ್ ಸ್ಕೇಟು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ದಂಡ. ಹೋಗುವ ಮುಂಚೆ ರಿಂಕಿಗೆ ಫೋನು ಮಾಡಿ ಸಾಣೆ ಹಿಡಿದ ಬ್ಲೇಡು ಬೇಕೆಂದು ಕೇಳಬೇಕೆಂಬ ಬುದ್ಧಿ ಮಾತ್ರ ಬಂದಿದೆ.

ಈಗ ಅಭ್ಯಾಸ ನಡೆಯುವುದು ಹೀಗೆ. ಆಟದ ಕೋರ್ಟಿನ ನಡುವೆ ಒಬ್ಬ ಹುಡುಗ ಸುತಳಿಯ ತುದಿ ಹಿಡಿದು ಕೂರುತ್ತಾನೆ, ನಾನು ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯುತ್ತೇನೆ. ಆಮೇಲೆ ಅದೇ ಸೀಮೆಸುಣ್ಣವನ್ನು ಬಲಗಾಲಿನ ನಾಲ್ಕೂ ಚಕ್ರಕ್ಕೆ ಉಜ್ಜಿ, ಹೊರ ಅಂಚಿನಲ್ಲಿ ಗೆರೆಯ ಮೇಲೆ ಹೊರಡುತ್ತೇನೆ. ಮೂರ್ನಾಲ್ಕು ಮೀಟರು ಚಕ್ರದ ಗುರುತು ನೆಲದ ಮೇಲೆ ಬೀಳುತ್ತದೆ, ಅಷ್ಟರಲ್ಲಿ ಹೊರಳಬೇಕು. ಹೊರಳಿದ ಜಾಗದಲ್ಲಿ ಚೂಪಾದ ಮೂಗು ಬಿದ್ದಿದ್ದರೆ ಸರಿ. ಉಜ್ಜಿದ ಕಲೆ ಬಿದ್ದಿದ್ದರೆ ಭಾರ ಎತ್ತಿಲ್ಲ ಎಂದರ್ಥ. ಹೋದ ಭಾನುವಾರ ಏಳು ಸಲದಲ್ಲಿ ಎರಡು ಮೂಗು, ಐದು ಕಲೆ. ಸುತಳಿ ಹಿಡಿದಿದ್ದ ಹುಡುಗ ಬಗ್ಗಿ ನೋಡಿ, ನಾನು ಅವನ ಕಾಪಿ ಪುಸ್ತಕಕ್ಕೆ ಹಾಕುವ ಹಾಗೇ, ಎರಡರ ಪಕ್ಕದಲ್ಲಿ ಸರಿ ಗುರುತು ಹಾಕಿದ, ಉಳಿದ ಐದಕ್ಕೆ ಸುತ್ತು ಹಾಕಿ "ಮತ್ತೆ ಬರೀರಿ" ಅಂದ.